ಲ್ಯಾಬ್ ಅಕ್ಕನ ಶಾಲೆ, ಲ್ಯಾಬ್ ಅಕ್ಕನ ಮಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಪ್ರೌಢಶಾಲೆಯ ಗೇಟಿನ ಬೀಗ ತೆರೆದು ನೇತಾಡುತ್ತಿದೆ ಎಂದರೆ ಲ್ಯಾಬ್ ಅಕ್ಕ ಆಗಲೇ ಒಳಗಿದ್ದಾರೆ. ಪ್ರಯೋಗಾಲಯದಲ್ಲಿ ಒಂದೇ ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ ಗಿಡ್ಡನೆಯ ಹೆಂಗಸೊಬ್ಬರು ತೋಳು ಮಡಚಿ, ಉದ್ದನೆಯ ಮೇಜಿನ ಮೇಲೆ ಹೊಸ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದಾರೆ. ಈ ತುದಿ ಎಳೆದರೆ ಆ ತುದಿ ಮುದುಡುತ್ತದೆ. ಅದನ್ನು ಸರಿಪಡಿಸಿದರೆ ಇದು ಏಳುತ್ತದೆ.

“ಹಿಡ್ಕೊಳ್ಳಿ ಸಾರ್. ನಿಂತು ನೋಡೋಕೆ ಇದೇನು ನಾಟಕಾನಾ?” ಎನ್ನುತ್ತಾರೆ. ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದವನು, ಪೆನ್ನು ಜೇಬಿಗೆ ಸೇರಿಸಿ ನಾನೂ ಒಂದು ಮೂಲೆ ಹಿಡಿಯುತ್ತೇನೆ.

ಹಾಳೆಯ ಅಡಿಗೆ ಸೇರುತ್ತಿರುವ ಮೇಜು ನೋಡುವ ಹಾಗಿದೆ. ಆಸಿಡ್ ಬಿದ್ದು ಕಪ್ಪಾದ ಕಲೆಗಳು, ಸ್ಪಿರಿಟ್ ದೀಪ ಉರುಳಿ ಸುಟ್ಟ ಗುರುತು, ಯಾವನೋ ಪುಣ್ಯಾತ್ಮ ಕೈವಾರದ ಮೊನೆಯಲ್ಲಿ ಕೆತ್ತಿ ಮುಗಿಸಲಾಗದೆ ಬಿಟ್ಟುಹೋದ ಅರ್ಧ ಹೃದಯ. ಬಾಯಿ ಒಡೆದ ಟೆಸ್ಟ್ ಟ್ಯೂಬುಗಳೆಲ್ಲ ಒಂದು ರಟ್ಟಿನ ಡಬ್ಬಕ್ಕೆ ಸೇರಿ ಮೆಟ್ಟಿಲ ಕೆಳಗೆ ಹೋಗಿವೆ. ಒಡೆಯದೆ ಉಳಿದವು ಕಪಾಟಿನಲ್ಲಿ ಸಾಲಾಗಿ ಹೊಳೆಯುತ್ತಿವೆ. ಕಪಾಟಿಗೆ ಬೀಗ.

“ಇಷ್ಟೆಲ್ಲಾ ಯಾಕೆ?” ಎಂದು ಕೇಳಿದೆ.

“ಇವತ್ತು ಎಂಟನೇ ಕ್ಲಾಸಿನ ದಾಖಲಾತಿಗೆ ಕೊನೇ ದಿನ. ಸ್ಕೂಲ್ ನೋಡೋಕೆ ಜನ ಬರ್ತಾರೆ.” ಹಾಳೆಯ ಮೇಲೆ ಅಂಗೈ ಉಜ್ಜುತ್ತಾ ಸ್ವಲ್ಪ ತಡೆದು ಹೇಳುತ್ತಾರೆ. “ನಮ್ಮನೆಯವರೂ ಬರ್ತಾರೆ.”

ಲ್ಯಾಬ್ ಅಕ್ಕ ಎನ್ನುವುದು ಮಕ್ಕಳಿಟ್ಟ ಹೆಸರು. ಕಾಗದದ ಮೇಲೆ ಅವರು ಪ್ರಯೋಗಾಲಯದ ಸಹಾಯಕಿ. ಕೆಲಸ ಮಾತ್ರ ಹನುಮಂತನ ಬಾಲ. ಬೆಳಿಗ್ಗೆ ಗೇಟು ತೆಗೆಯಬೇಕು, ಬೆಲ್ ಹೊಡೆಯಬೇಕು, ಆಸಿಡ್ ತೆಳು ಮಾಡಿಡಬೇಕು, ಪ್ರಯೋಗ ಮುಗಿದ ಮೇಲೆ ನೂರಾರು ಟೆಸ್ಟ್ ಟ್ಯೂಬು ತೊಳೆದು ಬೋರಲು ಹಾಕಬೇಕು, ಬೆರಳು ಕೊಯ್ದುಕೊಂಡವರಿಗೆ ಪಟ್ಟಿ ಕಟ್ಟಿ “ಏನೂ ಆಗಿಲ್ಲ, ಅಳ್ಬೇಡ, ಕೈ ಬಿದ್ದೇನೂ ಹೋಗಿಲ್ಲ” ಎಂದು ಗದರಿಸಬೇಕು. ಅವರ ಕೋಟಿನ ಮುಂಭಾಗದಲ್ಲಿ ಆಸಿಡ್ ಕೊರೆದ ಸಣ್ಣ ಸಣ್ಣ ತೂತುಗಳಿವೆ. ಹೊಲಿದುಕೊಳ್ಳಬಾರದೇ ಎಂದರೆ, ಗಾಳಿ ಬರಲಿ ಬಿಡಿ ಎನ್ನುತ್ತಾರೆ.

ಇದರ ಜೊತೆಗೆ ಯಾರೂ ಹೇಳದೆ ಅಂಟಿಕೊಂಡ ಇನ್ನೊಂದು ಕೆಲಸವಿದೆ. ಮಕ್ಕಳನ್ನು ಸೇರಿಸುವ ಕಾಲದಲ್ಲಿ ಮೇಷ್ಟ್ರುಗಳು ಪಾಠದಲ್ಲಿರುತ್ತಾರೆ, ಮುಖ್ಯೋಪಾಧ್ಯಾಯಿನಿ ಮೀಟಿಂಗಿನಲ್ಲಿರುತ್ತಾರೆ. ಗೇಟಿನ ಹತ್ತಿರ ಯಾರೋ ಅಪ್ಪ ಅಮ್ಮ ಮಗುವಿನ ಕೈ ಹಿಡಿದು ಒಳಗೆ ಬರುವುದೋ ಬೇಡವೋ ಎಂದು ನಿಂತಿರುತ್ತಾರೆ. “ನಿಂತವರನ್ನ ನಿಲ್ಲಿಸೇ ಇಡೋಕಾಗುತ್ತಾ? ಬನ್ನಿ, ನಾನೇ ತೋರಿಸ್ತೀನಿ ಅಂದೆ. ಅಷ್ಟೇ ಸಾರ್, ಕೊರಳಿಗೆ ಬಿತ್ತು.”

ತೋರಿಸುವುದಕ್ಕೆ ಅವರದೇ ಒಂದು ಕ್ರಮವಿದೆ. ಮೊದಲು ಹುಡುಗಿಯರ ಶೌಚಾಲಯ. ಬಂದವರು ಮುಖ ಸಿಂಡರಿಸಿದರೂ ಬಿಡುವುದಿಲ್ಲ. “ಒಳಗಡೆ ಚಿಲಕ ಇದೆಯಾ ನೋಡಿ, ನಲ್ಲಿ ತಿರುಗಿಸಿ ನೋಡಿ. ನೀರು ಬರ್ಲಿಲ್ಲ ಅಂದ್ರೆ ಬೇರೇದೇನೂ ನೋಡೋದು ಬೇಡ, ಮನೆಗೆ ಹೋಗಿ.” ಆಮೇಲೆ ಗ್ರಂಥಾಲಯ, ಆಮೇಲೆ ಪ್ರಯೋಗಾಲಯ. ಪ್ರತಿವರ್ಷವೂ ಆ ಒಡೆದ ಟ್ಯೂಬುಗಳ ಡಬ್ಬವನ್ನು ಮೇಜಿನ ನಡುವೆಯೇ ಇಡುತ್ತಿದ್ದರು. ಒಡೆದಿದೆ ಎಂದರೆ ಮಕ್ಕಳ ಕೈಗೆ ಕೊಟ್ಟಿದ್ದೇವೆ ಎಂದರ್ಥ, ಅಷ್ಟಕ್ಕೆ ನಾಚಿಕೆ ಯಾಕೆ ಎನ್ನುವುದು ಅವರ ವಾದ. ಪಾಠ ನಡೆಯುವ ಕೋಣೆ ಕೊನೆಗೆ. “ಬೋರ್ಡ್ ನೋಡ್ಬೇಡಿ, ಹಿಂದಿನ ಬೆಂಚಿನವರ ಮುಖ ನೋಡಿ” ಎಂದು ಕಿವಿಯಲ್ಲಿ ಹೇಳಿ ಪಕ್ಕಕ್ಕೆ ಸರಿಯುತ್ತಾರೆ.

ಹೀಗೆ ಊರಿನವರ ಮಕ್ಕಳಿಗೆಲ್ಲ ಶಾಲೆ ತೋರಿಸಿದ ಹೆಂಗಸಿಗೆ ಈ ವರ್ಷ ಸ್ವಂತ ಮನೆಯಲ್ಲೇ ಪರೀಕ್ಷೆ. ಒಬ್ಬಳೇ ಮಗಳು, ಮನೆಯಲ್ಲಿ ಪುಟ್ಟಿ, ಏಳನೇ ತರಗತಿ ಮುಗಿಸಿದ್ದಾಳೆ. ತಾಯಿಗೆ ಅವಳು ಇಲ್ಲೇ ಓದಬೇಕೆಂಬ ಆಸೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ, ತಂದೆಗೆ ಈ ಶಾಲೆ ಬೇಡ. ಆತ ಬಡಗಿ. ದೊಡ್ಡ ರಸ್ತೆಯ ಖಾಸಗಿ ಶಾಲೆಗೆ ಬಾಗಿಲು, ಕಪಾಟು ಮಾಡಿಕೊಟ್ಟವರು. ಅಲ್ಲಿಯವರು ಆ ಪರಿಚಯಕ್ಕೆ ಮಗಳಿಗೊಂದು ಸೀಟು ಇಟ್ಟಿದ್ದಾರೆ. ಇವತ್ತು ಮಧ್ಯಾಹ್ನದೊಳಗೆ ಬಂದು ಸಹಿ ಹಾಕದಿದ್ದರೆ ಅದು ಇನ್ನೊಬ್ಬರಿಗೆ ಹೋಗುತ್ತದೆ. ವಾರದಿಂದ ಮನೆಯಲ್ಲಿ ಇದೇ ಜಟಾಪಟಿ. ಕೊನೆಗೆ ನಿನ್ನೆ ಬಡಗಿ ಒಂದು ಷರತ್ತಿಗೆ ಇಳಿದಿದ್ದಾರೆ. ಗಂಡನಾಗಿ ಅಲ್ಲ, ಹತ್ತು ಜನರ ಹಾಗೆ ಒಬ್ಬ ಅಪ್ಪನಾಗಿ ಬಂದು ಶಾಲೆ ನೋಡುತ್ತೇನೆ, ನೋಡಿದ ಮೇಲೆ ನನ್ನ ಮಾತೇ ಕಡೆಯ ಮಾತು.

“ಅವರು ಹಿಡಿದ ಮೊಲಕ್ಕೆ ಮೂರೇ ಕಾಲು ಸಾರ್. ನಾಲ್ಕನೇ ಕಾಲು ನಾನು ಎಲ್ಲಿಂದ ತರ್ಲಿ?” ಎಂದು ನಗಲು ನೋಡುತ್ತಾರೆ. ನಗು ಬರುವುದಿಲ್ಲ. “ಒಂದು ವೇಳೆ ಅವರೇ ಸರಿ ಇದ್ರೆ? ನನ್ನ ಹಟಕ್ಕೆ ಮಗಳ ಓದು ಹಾಳಾದ್ರೆ?”

ಹೊಸ ಹಾಳೆ ಹುಟ್ಟಿದ್ದು ಈ ಭಯದಿಂದಲೇ. ಬಡಗಿಯ ಕಣ್ಣು ಮೊದಲು ಮೇಜಿಗೇ ಬೀಳುತ್ತದೆ ಎಂದು ಇವರಿಗೆ ಗೊತ್ತು.

ಶಾಲೆ ಶುರುವಾಗಿ ಸ್ವಲ್ಪ ಹೊತ್ತಿಗೆ ಮೊದಲ ಕುಟುಂಬ ಬರುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ತಾಯಿ, ಜೊತೆಗೆ ಮಗ. ನಲ್ಲಿ ತಿರುಗಿಸಿ ನೋಡುತ್ತಾರೆ, ನೀರು ಬರುತ್ತದೆ, ಮುಖ ಅರಳುತ್ತದೆ. ಗ್ರಂಥಾಲಯವೂ ಒಪ್ಪಿಗೆ. ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಕನ್ನಡಿಯಂಥ ಮೇಜನ್ನೂ ಬೀಗ ಹಾಕಿದ ಕಪಾಟನ್ನೂ ನೋಡಿ ಆ ತಾಯಿ ಮೆಚ್ಚಿಕೊಂಡೇ ಹೇಳುತ್ತಾರೆ. “ತುಂಬಾ ಚೆನ್ನಾಗಿ ಇಟ್ಟಿದ್ದೀರಿ. ಮಕ್ಕಳನ್ನ ಒಳಗೆ ಬಿಡಲ್ಲ, ಅಲ್ವಾ?”

“ಬಿಡ್ತೀವಿ ಮೇಡಂ. ದಿನಾ ಬಿಡ್ತೀವಿ.”

“ಹೌದಾ?” ಎನ್ನುತ್ತಾರೆ ಆಕೆ, ಮರ್ಯಾದೆಗೆ. ನಂಬಿಲ್ಲ ಎನ್ನುವುದು ಕಾಣುತ್ತದೆ. ಪಾಠದ ಕೋಣೆಯವರೆಗೂ ಹೋಗದೆ, ಯೋಚನೆ ಮಾಡಿ ಬರುತ್ತೇವೆ ಎಂದು ಗೇಟಿನತ್ತ ನಡೆಯುತ್ತಾರೆ.

ಲ್ಯಾಬ್ ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತುಬಿಡುತ್ತಾರೆ. ಇಷ್ಟು ವರ್ಷ ಒಡೆದ ಗಾಜು ತೋರಿಸಿ ಜನರ ನಂಬಿಕೆ ಗಳಿಸಿದವರು, ಒಂದೇ ಒಂದು ದಿನ ಚೆಂದ ಮಾಡಲು ಹೋಗಿ ಕೆಡಿಸಿಕೊಂಡಿದ್ದಾರೆ. ಹಾಳೆ ಕಿತ್ತುಹಾಕೋಣವೇ ಎಂದು ಒಂದು ತುದಿ ಎತ್ತುತ್ತಾರೆ. ಅಷ್ಟರಲ್ಲಿ ಗೇಟಿನಲ್ಲಿ ಬೈಕಿನ ಸದ್ದು. ಬಡಗಿ ಬಂದಿದ್ದಾರೆ, ಹಿಂದಿನ ಸೀಟಿನಿಂದ ಪುಟ್ಟಿ ಇಳಿಯುತ್ತಿದ್ದಾಳೆ. ಇವರ ಕೈ ತಾನಾಗಿ ಹಾಳೆ ಬಿಟ್ಟುಬಿಡುತ್ತದೆ.

ಇನ್ನೂ ಮೂರು ಕುಟುಂಬಗಳ ಜೊತೆ ಸೇರಿಕೊಂಡು, ಹೆಂಡತಿಯ ಮುಖವನ್ನೇ ನೋಡಿಲ್ಲದವರ ಹಾಗೆ ಬಡಗಿ ಕೇಳುತ್ತಾರೆ. “ಮೇಡಂ, ಎಲ್ಲಿಂದ ಶುರು?”

ಆ ‘ಮೇಡಂ’ ಕೇಳಿ ಲ್ಯಾಬ್ ಅಕ್ಕನ ಕಿವಿ ಕೆಂಪಾಗುತ್ತದೆ. ಪುಟ್ಟಿ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ಅಮ್ಮನನ್ನು ಅಮ್ಮ ಎನ್ನಬಾರದು ಎಂದು ಅವಳಿಗೂ ಅಪ್ಪಣೆಯಾಗಿದೆ.

ಶೌಚಾಲಯದ ಬಾಗಿಲನ್ನು ಬಡಗಿ ಎರಡು ಸಲ ತೆಗೆದು ಹಾಕಿ, ಚಿಲಕ ಅಲ್ಲಾಡಿಸಿ, “ಸ್ಕ್ರೂ ಸಡಿಲ” ಎನ್ನುತ್ತಾರೆ. ಗ್ರಂಥಾಲಯದಲ್ಲಿ ಒಂದು ಸುತ್ತು ಹಾಕುತ್ತಾರೆ, ಅಷ್ಟೇ. ಪ್ರಯೋಗಾಲಯಕ್ಕೆ ಬಂದವರೇ ನೆಟ್ಟಗೆ ಮೇಜಿನ ಹತ್ತಿರ ಹೋಗಿ, ಹಾಳೆಯ ಅಂಚಿಗೆ ಉಗುರು ಹಾಕಿ, ಒಂದೇ ಎಳೆತಕ್ಕೆ ಅರ್ಧ ಮೇಜು ಬಯಲು ಮಾಡುತ್ತಾರೆ. ಕಲೆಗಳು, ಸುಟ್ಟ ಗುರುತು, ಅರ್ಧ ಹೃದಯ ಎಲ್ಲವೂ ಎಲ್ಲರ ಮುಂದೆ.

ಲ್ಯಾಬ್ ಅಕ್ಕನ ಮುಖದಲ್ಲಿ ರಕ್ತವಿಲ್ಲ.

“ಯಾರ ಕಣ್ಣಿಗೆ ಮಣ್ಣೆರಚೋಕೆ ಇದು?” ಎನ್ನುತ್ತಾರೆ ಬಡಗಿ. ಸುಟ್ಟ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತಾ ಸ್ವಲ್ಪ ಹೊತ್ತು ಬಾಗಿ ನೋಡುತ್ತಾರೆ. ಆಮೇಲೆ ದನಿ ಇಳಿಸಿ, “ಗಟ್ಟಿ ಮರ. ಚೆನ್ನಾಗಿ ದುಡಿದಿದೆ. ಮುಚ್ಚೋದ್ಯಾಕೆ?” ಎಂದು ಹಾಳೆಯನ್ನು ಪೂರ್ತಿ ಸುತ್ತಿ ಮೂಲೆಗೆ ಒರಗಿಸುತ್ತಾರೆ. ಬಂದಿದ್ದ ಮಕ್ಕಳೆಲ್ಲ ಮೇಜಿನ ಸುತ್ತ ಮುಗಿಬಿದ್ದು, ಇದು ಏನು ಬಿದ್ದು ಆದ ಕಲೆ, ಅದು ಏನು ಬಿದ್ದು ಆದ ಕಲೆ ಎಂದು ಕೇಳತೊಡಗುತ್ತಾರೆ. ಲ್ಯಾಬ್ ಅಕ್ಕ ಮೆಟ್ಟಿಲ ಕೆಳಗಿನ ಡಬ್ಬ ತರುತ್ತಾರೆ. ಒಬ್ಬ ತಂದೆ ಅದನ್ನು ನೋಡಿ ಜೋರಾಗಿ ನಗುತ್ತಾರೆ. ಗಂಡಾಂತರ ಕಳೆಯಿತು ಎಂದು ನಾನೂ ಉಸಿರು ಬಿಡುತ್ತೇನೆ.

ಉಸಿರು ಬಿಟ್ಟಿದ್ದು ಬೇಗವಾಯಿತು. ಬಡಗಿ ತಲೆಯೆತ್ತಿ ಕೇಳುತ್ತಾರೆ. “ಲ್ಯಾಬ್ ಸರಿ ಮೇಡಂ. ಗಣಿತಕ್ಕೆ ಯಾರಿದ್ದಾರೆ?”

ಈ ಪ್ರಶ್ನೆಯ ಹಿಂದೆ ಒಂದು ಕಥೆಯಿದೆ, ಅದನ್ನು ಅವರೇ ಆಮೇಲೆ ನನಗೆ ಹೇಳಿದರು. ಅವರು ಓದಿದ ಶಾಲೆಯಲ್ಲಿ ಗಣಿತದ ಮೇಷ್ಟ್ರ ಕುರ್ಚಿ ಖಾಲಿಯಾಗಿ, ಖಾಲಿಯಾಗಿಯೇ ಉಳಿಯಿತು. ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಫೇಲಾದ ಹುಡುಗ ಮರಗೆಲಸಕ್ಕೆ ಸೇರಿದ. “ಕೆಲಸದ ಮೇಲೆ ನಂಗೆ ಬೇಜಾರಿಲ್ಲ. ಆದ್ರೆ ಅದು ನಾನು ಆರಿಸ್ಕೊಂಡಿದ್ದಲ್ಲ. ಮಗಳಿಗೆ ಹಾಗಾಗ್ಬಾರ್ದು” ಎಂದರು. ಅವರ ಹಟಕ್ಕೆಲ್ಲ ಬೇರು ಇಲ್ಲಿದೆ. ಹೆಂಡತಿಗೆ ಇದು ಗೊತ್ತಿಲ್ಲದ್ದೇನಲ್ಲ.

ಮತ್ತು ಈ ಶಾಲೆಯಲ್ಲಿ ಈಗ ಗಣಿತದ ಮೇಷ್ಟ್ರಿಲ್ಲ. ಇದ್ದವರು ವರ್ಗವಾಗಿ ಹೋದ ಮೇಲೆ ಬೇರೆಯವರು ಬಂದಿಲ್ಲ. ಮಕ್ಕಳು ದೊಡ್ಡ ಮೇಡಂ ಎಂದು ಕರೆಯುವ ಮುಖ್ಯೋಪಾಧ್ಯಾಯಿನಿ ಬೆಳಿಗ್ಗೆಯೇ ಲ್ಯಾಬ್ ಅಕ್ಕನಿಗೆ ಹೇಳಿದ್ದಾರೆ, ಗಣಿತದ ಬಗ್ಗೆ ಕೇಳಿದರೆ ನೀನೇನೂ ಹೇಳಬೇಡ, ನನ್ನ ಹತ್ತಿರ ಕಳಿಸು. ದೊಡ್ಡ ಮೇಡಂ ಕೆಟ್ಟವರಲ್ಲ. ಅವರ ಸಂಕಟವೇ ಬೇರೆ. ಮಕ್ಕಳ ಸಂಖ್ಯೆ ಇಳಿದರೆ ಖಾಲಿ ಹುದ್ದೆಯನ್ನೇ ತೆಗೆದುಹಾಕುತ್ತಾರೆ. ಮೇಷ್ಟ್ರಿಲ್ಲ ಎಂದು ಮಕ್ಕಳು ಬರುವುದಿಲ್ಲ, ಮಕ್ಕಳಿಲ್ಲ ಎಂದು ಮೇಷ್ಟ್ರು ಬರುವುದಿಲ್ಲ.

ಇದ್ದಾರೆ ಎಂದುಬಿಟ್ಟರೆ ಮಗಳು ಇಲ್ಲೇ ಸೇರುತ್ತಾಳೆ. ದೊಡ್ಡ ಮೇಡಂ ಹೇಳ್ತಾರೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರೂ ಈ ಹೊತ್ತು ದಾಟುತ್ತದೆ. ಲ್ಯಾಬ್ ಅಕ್ಕ ಗಂಡನನ್ನು ನೋಡುತ್ತಾರೆ, ಬೇರೆ ಮೂರು ಕುಟುಂಬಗಳನ್ನು ನೋಡುತ್ತಾರೆ. ಕೋಟಿನ ತೂತಿನೊಳಗೆ ಬೆರಳು ತೂರಿಸಿ ತಿರುಗಿಸುತ್ತಿದ್ದಾರೆ.

“ಇಲ್ಲ” ಎನ್ನುತ್ತಾರೆ. “ಗಣಿತಕ್ಕೆ ಮೇಷ್ಟ್ರಿಲ್ಲ. ಯಾವಾಗ ಬರ್ತಾರೋ ಗೊತ್ತಿಲ್ಲ. ಸದ್ಯಕ್ಕೆ ದೊಡ್ಡ ಮೇಡಮ್ಮೇ ತಗೊಳ್ತಾರೆ. ಅವರದ್ದು ಸಮಾಜ ವಿಜ್ಞಾನ.”

ನಗುತ್ತಿದ್ದ ತಂದೆಯ ನಗು ನಿಲ್ಲುತ್ತದೆ. ಇನ್ನೊಬ್ಬ ತಾಯಿ ಮಗನ ಭುಜ ಹಿಡಿದು, “ಬಾರಪ್ಪಾ” ಎಂದು ಹೊರಟೇಬಿಡುತ್ತಾರೆ. ಬಡಗಿ ಕೈಗಡಿಯಾರ ನೋಡಿಕೊಳ್ಳುತ್ತಾರೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಒಂದು ದನಿ ಬರುತ್ತದೆ. “ಆಯ್ತಲ್ಲ, ಹೇಳಿಬಿಟ್ಟೆಯಲ್ಲ.” ದೊಡ್ಡ ಮೇಡಂ ಬಾಗಿಲಲ್ಲಿದ್ದಾರೆ. ಎಷ್ಟು ಹೊತ್ತಿನಿಂದ ನಿಂತಿದ್ದಾರೋ ತಿಳಿಯದು.

ಲ್ಯಾಬ್ ಅಕ್ಕ ತಲೆ ತಗ್ಗಿಸುತ್ತಾರೆ. ದೊಡ್ಡ ಮೇಡಂ ಅವರನ್ನು ದಾಟಿ ಬಂದು, ಉಳಿದವರಿಗೆ ಕೈಯಲ್ಲಿದ್ದ ಚಾಕ್ ತೋರಿಸುತ್ತಾರೆ. “ಈಗ ಹತ್ತನೇ ಕ್ಲಾಸಿಗೆ ನನ್ನ ಗಣಿತದ ಪೀರಿಯಡ್ಡು. ಕೇಳಿದ್ದೀರಿ, ನೋಡಿಕೊಂಡೇ ಹೋಗಿ. ಬನ್ನಿ, ಹಿಂದೆ ಜಾಗ ಇದೆ.” ದನಿಯಲ್ಲಿ ಕೋಪವೂ ಇದೆ, ಕೋಪದ ಅಡಿಯಲ್ಲಿ ಅಂಜಿಕೆಯೂ ಇದೆ.

ಹಿಂದಿನ ಬೆಂಚುಗಳಲ್ಲಿ ನಾವೆಲ್ಲ ಇಕ್ಕಟ್ಟಾಗಿ ಕೂರುತ್ತೇವೆ. ಬಡಗಿಯ ಮೊಣಕಾಲು ಬೆಂಚಿಗೂ ಡೆಸ್ಕಿಗೂ ನಡುವೆ ಸಿಕ್ಕಿಕೊಂಡಿದೆ. ಲ್ಯಾಬ್ ಅಕ್ಕ ಒಳಗೆ ಬರುವುದಿಲ್ಲ, ಕಿಟಕಿಯ ಹೊರಗೆ ಸರಳು ಹಿಡಿದು ನಿಂತಿದ್ದಾರೆ. ದೊಡ್ಡ ಮೇಡಂ ಬೋರ್ಡಿನ ಮೇಲೆ ಒಂದು ಸಮೀಕರಣ ಬರೆದು ಬಿಡಿಸತೊಡಗುತ್ತಾರೆ. ಒಂದು ಸಾಲು, ಎರಡು ಸಾಲು, ಸರಾಗವಾಗಿಯೇ ಹೋಗುತ್ತದೆ. ನಾಲ್ಕನೇ ಸಾಲಿಗೆ ಬಂದು ಚಾಕ್ ನಿಲ್ಲುತ್ತದೆ. ಒರೆಸುತ್ತಾರೆ, ಮತ್ತೆ ಬರೆಯುತ್ತಾರೆ, ಮತ್ತೆ ನಿಲ್ಲುತ್ತಾರೆ. ಉತ್ತರ ಬರುತ್ತಿಲ್ಲ. ನನ್ನ ಪಕ್ಕದ, ಮೂರನೇ ಕುಟುಂಬದ ತಂದೆ ‘ಇಷ್ಟೇ’ ಎನ್ನುವ ಹಾಗೆ ಒಂದು ಉಸಿರು ಬಿಟ್ಟು, ಸದ್ದಾಗದಂತೆ ಎದ್ದು ಹೊರಗೆ ಹೋಗುತ್ತಾರೆ. ಕಿಟಕಿಯಾಚೆ ಲ್ಯಾಬ್ ಅಕ್ಕ ಕಣ್ಣು ಮುಚ್ಚಿಕೊಂಡಿದ್ದಾರೆ.

ಆಗ ನಮ್ಮ ಮುಂದಿನ ಬೆಂಚಿನಿಂದ ಜಡೆ ಬಿಗಿದ ಹುಡುಗಿಯೊಬ್ಬಳು ಕೈ ಎತ್ತುತ್ತಾಳೆ. “ಮೇಡಂ, ಎರಡನೇ ಸಾಲಲ್ಲಿ ಮೈನಸ್ ಬಿಟ್ಟುಹೋಗಿದೆ.”

ದೊಡ್ಡ ಮೇಡಂ ಬೋರ್ಡನ್ನು ದಿಟ್ಟಿಸುತ್ತಾರೆ. ಬಂದವರೆದುರು ಮಾನ ಹೋದ ಯಾವ ಮೇಡಂ ಆದರೂ ಈಗ ಏನು ಮಾಡಬಹುದು ಎಂದು ನನಗೆ ಗೊತ್ತು, ನಾನೂ ಶಾಲೆಗೆ ಹೋದವನೇ.

“ಹೌದಲ್ಲೇ!” ಎನ್ನುತ್ತಾರೆ ದೊಡ್ಡ ಮೇಡಂ. “ರಾತ್ರಿ ಮನೇಲಿ ಮಾಡಿದಾಗ ಸರಿಯಾಗೇ ಬಂದಿತ್ತು ನೋಡು. ಬಾ, ನೀನೇ ಮುಗಿಸು.” ಚಾಕ್ ಕೊಟ್ಟು, ಬಂದು ಮೊದಲ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂರುತ್ತಾರೆ. ಹುಡುಗಿ ಬಿಡಿಸುತ್ತಾ ಹೋದಂತೆ, “ನಿಲ್ಲು ನಿಲ್ಲು, ಅಲ್ಲಿ ಯಾಕೆ ಹಾಗೆ ಮಾಡಿದೆ?” ಎಂದು ಮಧ್ಯೆ ಕೇಳುತ್ತಾರೆ. ಅವಳು ಹೇಳುತ್ತಾಳೆ. ಇನ್ನೊಬ್ಬ ಹುಡುಗ, ಬೇರೆ ದಾರಿಯೂ ಇದೆ ಮೇಡಂ ಎಂದು ಏಳುತ್ತಾನೆ. ಇಬ್ಬರಿಗೂ ಜಗಳವಾಗುತ್ತದೆ. ಇಡೀ ತರಗತಿ ಎರಡು ಪಕ್ಷವಾಗುತ್ತದೆ.

ನಾನು ಬಡಗಿಯನ್ನು ನೋಡುತ್ತೇನೆ. ಅವರು ಬೋರ್ಡ್ ನೋಡುತ್ತಿಲ್ಲ, ಮಗಳನ್ನು ನೋಡುತ್ತಿದ್ದಾರೆ. ಪುಟ್ಟಿ ಯಾವಾಗಲೋ ಅಪ್ಪನ ಪಕ್ಕದಿಂದ ಎದ್ದು ಮುಂದಿನ ಬೆಂಚಿನ ತುದಿಗೆ ಹೋಗಿ ಕೂತಿದ್ದಾಳೆ. ಬೆಲ್ ಆದ ಮೇಲೆ ವಾಪಸ್ಸು ಬಂದು ಒಂದೇ ಮಾತು ಹೇಳುತ್ತಾಳೆ. “ಅಪ್ಪಾ, ತಪ್ಪು ತೋರಿಸಿದ ಆ ಅಕ್ಕನಿಗೆ ಮೇಡಂ ಬೈಯಲೇ ಇಲ್ಲ.”

ಬಡಗಿ ಹೊರಗೆ ಹೋಗಿ ಬೈಕಿನ ಹತ್ತಿರ ನಿಂತುಕೊಳ್ಳುತ್ತಾರೆ. ಫೋನ್ ತೆಗೆಯುತ್ತಾರೆ, ಜೇಬಿಗೆ ಹಾಕುತ್ತಾರೆ, ಮತ್ತೆ ತೆಗೆಯುತ್ತಾರೆ. ಮಧ್ಯಾಹ್ನವಾಗುತ್ತಾ ಬಂದಿದೆ. ಲ್ಯಾಬ್ ಅಕ್ಕ ಆ ಕಡೆ ನೋಡದೆ ಟೆಸ್ಟ್ ಟ್ಯೂಬು ತೊಳೆಯುತ್ತಿದ್ದಾರೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಾರೆ. ಈ ನಡುವೆ ದೊಡ್ಡ ಮೇಡಂ ಬಂದು, “ನಿನ್ನ ಬಾಯಿಂದ ಇವತ್ತು ಎರಡು ಅಡ್ಮಿಷನ್ ಹೋಯ್ತು” ಎಂದು ಬೈದು ಹೋಗುತ್ತಾರೆ. “ಹೌದು ಮೇಡಂ” ಎನ್ನುತ್ತಾರೆ ಇವರು. ಒಂದು ಟ್ಯೂಬು ಕೈಜಾರಿ ಸಿಂಕಿನಲ್ಲಿ ಒಡೆಯುತ್ತದೆ.

ಗುಮಾಸ್ತರು ಕಚೇರಿಯ ಕಿಟಕಿ ಮುಚ್ಚಲು ಎದ್ದಾಗ ಬಡಗಿ ಒಳಗೆ ಬರುತ್ತಾರೆ. ಮಗಳ ವರ್ಗಾವಣೆ ಪತ್ರವನ್ನು ಮೇಜಿನ ಮೇಲಿಡುತ್ತಾರೆ. ಯಾರೋ ಓಡಿಹೋಗಿ ಹೇಳಿರಬೇಕು, ಲ್ಯಾಬ್ ಅಕ್ಕ ಒದ್ದೆ ಕೈಯಲ್ಲೇ ಬಂದು ನಿಲ್ಲುತ್ತಾರೆ. ಪಾಲಕರ ಸಹಿಯ ಜಾಗ ತೋರಿಸಿ ಗುಮಾಸ್ತರು ಪೆನ್ನು ಕೊಟ್ಟರೆ, ಬಡಗಿ ಅದನ್ನು ಹೆಂಡತಿಯ ಕಡೆಗೆ ನೂಕುತ್ತಾರೆ.

“ನೀನೇ ಹಾಕು. ನಾಳೆ ತಪ್ಪಾದ್ರೆ ಬೈಯೋಕೆ ನಂಗೊಬ್ಬರು ಬೇಕು.”

ನನ್ನತ್ತ ತಿರುಗಿ, “ಬರ್ಕೊಳ್ಳಿ ಸಾರ್, ನಂಗಿನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಇದ್ದಿದ್ದನ್ನ ಇದ್ದ ಹಾಗೆ ಹೇಳಿದ್ಲು, ಅದಕ್ಕೆ ನಿಂತೆ. ಸೋಮವಾರ ಲ್ಯಾಬಲ್ಲಿ ನಗ್ತಿದ್ದ, ಪಾಠದ ಕೊನೇವರೆಗೂ ಕೂತಿದ್ದ ಆ ಯಜಮಾನರನ್ನೂ ಕರ್ಕೊಂಡು ಶಿಕ್ಷಣ ಇಲಾಖೆ ಆಫೀಸಿಗೆ ಹೋಗ್ತೀನಿ. ಮೇಷ್ಟ್ರನ್ನ ಕೊಡೋವರೆಗೂ ಅಲ್ಲಿಂದ ಏಳಲ್ಲ” ಎನ್ನುತ್ತಾರೆ. ಲ್ಯಾಬ್ ಅಕ್ಕ ಸಹಿ ಹಾಕುತ್ತಾರೆ. ಒದ್ದೆ ಕೈಗೆ ಶಾಯಿ ಸ್ವಲ್ಪ ಹರಡುತ್ತದೆ. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನಿದೆ.

ಹೊರಡುವ ಮುನ್ನ ನಮ್ಮ ವೃತ್ತಿಯ ಮಾಮೂಲು ಪ್ರಶ್ನೆ ಕೇಳುತ್ತೇನೆ. ನಿಮ್ಮ ಆಸೆ ಏನು?

“ಮಗಳು ಡಾಕ್ಟರಾಗ್ಲಿ ಅಂತೀನಿ ಅಂತ ಕಾಯ್ತಿದ್ದೀರಿ, ಅಲ್ವಾ?” ಎಂದು ಈಗ ನಿಜವಾಗಿ ನಗುತ್ತಾರೆ. “ಒಬ್ಬರು ಗಣಿತದ ಮೇಷ್ಟ್ರು ಬರ್ಲಿ ಸಾರ್, ಸಾಕು. ಬಸ್‌ಸ್ಟ್ಯಾಂಡಿಂದ ಅವರ ಪೆಟ್ಟಿಗೆ ನಾನೇ ಹೊತ್ಕೊಂಡು ಬರ್ತೀನಿ.”

ಬರದೇ ಇದ್ದರೆ ಎಂದು ಕೇಳಿದೆ, ಕೇಳಬಾರದಿತ್ತೇನೋ. ನಗು ಹಾಗೇ ನಿಲ್ಲುತ್ತದೆ.

“ಬೇರೆ ಅಪ್ಪ ಅಮ್ಮಂದಿರು ಗೇಟಲ್ಲಿ ಸಿಕ್ಕಿದಾಗ ಬೈದು ಹೋಗ್ತಾರೆ, ಅಷ್ಟೇ. ನಮ್ಮನೇಲಿ ಹಾಗಲ್ಲ ಸಾರ್. ಪುಟ್ಟಿ ದಿನಾ ನನ್ನ ಎದುರಿಗೇ ಕೂತು ಊಟ ಮಾಡ್ತಾಳೆ.”